ಕಸಕ್ಕೆ ಕಡ್ಡಿ ಗೀರುವ ಮುನ್ನ

ಬೆಳಗ್ಗೆ ಎದ್ದು ಅಂಗಳ ಗುಡಿಸಿ, ಬೇವಿನೆಲೆ, ಕಾಗದ, ಹಾಲಿನ ಖಾಲಿ ಪಾಕೀಟು ಎಲ್ಲವನ್ನೂ ಮೂಲೆಗೆ ಒಟ್ಟಿ ಕಡ್ಡಿ ಗೀರಿದರೆ ಕೆಲಸ ಮುಗೀತು. ನೀವೂ ಹೀಗೇ ಮಾಡ್ತೀರಿ ಅಲ್ವೇ? ಜಮಖಂಡಿಯ ನಮ್ಮ ಓಣಿಯಲ್ಲಿ ನಾನೂ ವರ್ಷಗಟ್ಟಲೆ ಮಾಡಿದವಳೇ. ಒಂದು ಚಳಿಗಾಲದ ಮುಂಜಾನೆ ಪಕ್ಕದ ಮನೆಯ ಅಜ್ಜಿ ಕಟ್ಟೆ ಹಿಡಿದು ನಿಂತು, ‘ಯವ್ವಾ, ನೀ ಹೊಗಿ ಎಬ್ಬಿಸಿದ ದಿನಾ ರಾತ್ರಿತನಕಾ ನನ್ನ ದಮ್ಮು ಇಳ್ಯಂಗಿಲ್ಲ ನೋಡು’ ಅಂದರು. ಅಲ್ಲಿವರೆಗೂ ಒಂದು ಮಾತೂ ಆಡಿರಲಿಲ್ಲ ಪಾಪ. ನನಗೆ ಮುಖ ಎತ್ತಲಾಗಲಿಲ್ಲ.

ಚಳಿಗಾಲದ ಮುಂಜಾನೆ ತಂಪು ಗಾಳಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಹೊಗೆ ಮೇಲೇರದೆ ಓಣಿಯಲ್ಲೇ ಸುತ್ತುತ್ತದೆ. ಜಮಖಂಡಿ, ಮುಧೋಳ, ಬೀಳಗಿ ಕಡೆ ಅದೇ ಹೊತ್ತಿಗೆ ಕಬ್ಬಿನ ಕಟಾವು, ಹೊಲದಲ್ಲಿ ರವದಿ ಸುಡುವ ಹೊಗೆ ಬೇರೆ. ಮಾಳಿಗೆ ಮೇಲೆ ಒಣಹಾಕಿದ ಬಿಳಿ ಬಟ್ಟೆಗೆ ಕರಿ ಬಿದ್ದು ಎರಡೆರಡು ಸಲ ಒಗೆದವರಿಗೆ ಇದನ್ನು ಹೇಳಬೇಕಿಲ್ಲ.

‘ಹಾಗಾದ್ರೆ ನೀರೊಲೆಗೆ ಕಟ್ಟಿಗೆ ಹಾಕೋದೂ ತಪ್ಪಾ?’ ಅಂತ ಕೇಳ್ತೀರಿ. ಇಲ್ಲ. 1981ರ ವಾಯುಮಾಲಿನ್ಯ ಕಾಯ್ದೆಯಂತೆ ಸರ್ಕಾರ ಯಾವುದೇ ಪ್ರದೇಶವನ್ನು ವಾಯುಮಾಲಿನ್ಯ ನಿಯಂತ್ರಣ ಪ್ರದೇಶ ಎಂದು ಘೋಷಿಸಿ, ಅಲ್ಲಿ ಇಂಧನವಲ್ಲದ ವಸ್ತು ಸುಡುವುದನ್ನು ನಿಷೇಧಿಸಬಹುದು. ಕಟ್ಟಿಗೆ, ಕುಳ್ಳು ಇಂಧನ. ಕಸ ಇಂಧನವಲ್ಲ. ಒಲೆಗೆ ಹಾಕಿದರೂ ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಒಲೆ ಹೊತ್ತಿಸಲು ನೂಲಿನ ಚಿಂದಿ ಕೈಗೆ ಸುಲಭ. ಹತ್ತಿಯದಾದರೆ ಸರಿ, ಪಾಲಿಸ್ಟರ್ ನೂಲೂ ಒಂದು ಪ್ಲಾಸ್ಟಿಕ್ಕೇ ಅನ್ನೋದು ನೆನಪಿರಲಿ. ಅದರ ಹೊಗೆ ಮೊದಲು ಹೋಗೋದು ಊದುತ್ತಾ ಕೂತ ನಮ್ಮ ಎದೆಗೇ.

ದಂಡದ ವಿಷಯವೂ ತಿಳಿದಿರಲಿ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆ 1996ರಲ್ಲಿ ಕಸದ ವಿಷಯಕ್ಕೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಆ ಕೇಸು ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿ, 2016ರ ಡಿಸೆಂಬರ್ 22ರಂದು ಬಯಲಲ್ಲಿ ಕಸ ಸುಡುವುದಕ್ಕೆ ದೇಶಕ್ಕೆಲ್ಲ ನಿಷೇಧ ಬಂತು. ಸುಟ್ಟವರಿಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000. ತಿಂಗಳ ಕಿರಾಣಿ ಖರ್ಚು ಒಂದು ಕಡ್ಡಿಗೆ ಹೋದಂತೆ!

ಎಲೆಗಳನ್ನೇನು ಮಾಡೋದು? ನಾನು ಹಿತ್ತಿಲಲ್ಲಿ ನಾಲ್ಕು ಸಾಲು ಇಟ್ಟಿಗೆ ಜೋಡಿಸಿ ಗುಂಡಿ ಮಾಡಿದ್ದೇನೆ. ಒಂದು ಪದರ ಒಣ ಎಲೆ, ಮೇಲೆ ತರಕಾರಿ ಸಿಪ್ಪೆ, ಆಗಾಗ ಸಗಣಿ ನೀರು. ವಾರಕ್ಕೊಮ್ಮೆ ಕೋಲಿನಿಂದ ಮಗುಚಿದರೆ ವಾಸನೆ ಬರುವುದಿಲ್ಲ. ಜಾಗ ಇಲ್ಲದವರು ತೂತು ಕೊರೆದ ಹಳೇ ಬಕೆಟ್ ಬಳಸಿ. ಪ್ಲಾಸ್ಟಿಕ್ ಬೇರೆ ಚೀಲದಲ್ಲಿ ಕಟ್ಟಿಟ್ಟು ಕಸದ ಗಾಡಿಗೆ ಕೊಡಿ. ಹಾಂ, ಹೋಳಿಯ ಕಾಮದಹನಕ್ಕೆ ಹುಡುಗರು ಕಟ್ಟಿಗೆ, ಕುಳ್ಳು ಕದ್ದೊಯ್ದರೆ ಒಯ್ಯಲಿ ಬಿಡಿ, ಹಳೇ ಟೈರು, ಮುರಿದ ಪ್ಲಾಸ್ಟಿಕ್ ಕುರ್ಚಿ ಮಾತ್ರ ಕೊಡಬೇಡಿ.

ಎದುರು ಮನೆಯ ವೈನಿ ಇನ್ನೂ ಸುಡ್ತಾರೆ. ಜಗಳಕ್ಕೆ ಹೋಗಲಿಲ್ಲ. ಮೊನ್ನೆ ಅವರ ಗುಲಾಬಿ ಕುಂಡಕ್ಕೆ ಅಂತ ಒಂದು ಪುಟ್ಟಿ ಗೊಬ್ಬರ ಕೊಟ್ಟು ಬಂದೆ.