ಪೆಟ್ರೋಲಿನ ಒತ್ತಡಕ್ಕೆ ಲಗಾಮು

ಹೆಬ್ಬೂರಿನ ಸುತ್ತಮುತ್ತಲಿನ ತೆಂಗು ಅಡಿಕೆಯ ತೋಟಗಳಲ್ಲಿ ಹನಿ ನೀರಾವರಿಯನ್ನು ಅಳವಡಿಸಿಕೊಂಡಿರುವ ರೈತನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಪಂಪು ಎತ್ತಿದ ನೀರನ್ನೆಲ್ಲ ಸಣ್ಣ ಕೊಳವೆಗಳಿಗೆ ನುಗ್ಗಿಸಿದರೆ ಒತ್ತಡ ಹೆಚ್ಚಿ ಕೊಳವೆಗಳು ಕಳಚಿಕೊಳ್ಳುತ್ತವೆ. ತೀರ ಕಡಮೆ ಬಿಟ್ಟರೆ ಸಾಲಿನ ಕೊನೆಯ ಗಿಡಕ್ಕೆ ನೀರು ತಲಪುವುದಿಲ್ಲ. ಆದುದರಿಂದ ಆತನು ಪಂಪಿನ ಬಳಿ ಬೈಪಾಸ್ ವಾಲ್ವೊಂದನ್ನಿಟ್ಟು, ಹೆಚ್ಚಾದ ನೀರನ್ನು ತೊಟ್ಟಿಗೇ ಹಿಂತಿರುಗಿಸುತ್ತಾನೆ.

ಸಣ್ಣ ವಿಮಾನದ ಎಂಜಿನಿಗೆ ಪೆಟ್ರೋಲನ್ನು ಒದಗಿಸುವ ಕ್ರಮವೂ ಬಹುಮಟ್ಟಿಗೆ ಇದೇ. ರೈತನ ಕೈ ಮಾಡುವ ಕೆಲಸವನ್ನು ಅಲ್ಲಿ ಇಂಧನ ಒತ್ತಡ ನಿಯಂತ್ರಕವೆಂಬ, ಅಂಗೈಯಲ್ಲಿ ಹಿಡಿಯಬಹುದಾದ ಸಲಕರಣೆಯು ಮಾಡುತ್ತದೆ. ತೋಟದಲ್ಲಿ ಲೆಕ್ಕ ತಪ್ಪಿದರೆ ಒಂದು ಕೊಳವೆ ಕಳಚೀತು; ಆಕಾಶದಲ್ಲಿ ತಪ್ಪಿದರೆ ಎಂಜಿನೇ ನಿಂತೀತು. ಇದನ್ನು ಆರಿಸುವುದು ಹೇಗೆ ಎಂಬುದನ್ನು ಈಗ ನೋಡೋಣ.

ತಿರುಗುವ ಎಂಜಿನು

ಕಾರ್ಖಾನೆಯಲ್ಲಿ ತಯಾರಾದ ವಿಮಾನದಲ್ಲಿ ಪ್ರತಿಯೊಂದು ಭಾಗವನ್ನೂ ತಯಾರಕರೇ ಪರೀಕ್ಷಿಸಿ ನಿರ್ಧರಿಸಿರುತ್ತಾರೆ. ಆದರೆ ನಕ್ಷೆಗಳನ್ನು ತರಿಸಿಕೊಂಡು ತಮ್ಮ ಕೈಯಿಂದಲೇ ವಿಮಾನವನ್ನು ಕಟ್ಟುವ ಹವ್ಯಾಸಿಗಳೂ ಉಂಟು. ಅಂಥವರಿಗಾಗಿ ಅಮೆರಿಕದ ಬರ್ಟ್ ರುಟಾನ್ ರೂಪಿಸಿದ ‘ಲಾಂಗ್ ಈಜಿ’ ವಿಮಾನದ ವಿನ್ಯಾಸವನ್ನು ಆಧರಿಸಿ, ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದವರು ಒಂದು ಹಗುರ ಸಂಶೋಧನ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿದರು.

ಇಂಥ ಹವ್ಯಾಸಿಗಳಲ್ಲಿ ಕೆಲವರು ಮಾಜ್ದಾ ಕಾರಿನ ರೋಟರಿ ಎಂಜಿನನ್ನು ವಿಮಾನಕ್ಕೆ ಹೊಂದಿಸಿಕೊಂಡಿದ್ದಾರೆ. ಜರ್ಮನಿಯ ಫೆಲಿಕ್ಸ್ ವಾಂಕೆಲನ ಹೆಸರನ್ನು ಹೊತ್ತ ಈ ಬಗೆಯ ಎಂಜಿನು ಮೊದಲು ಓಡಿದ್ದು 1957ರಲ್ಲಿ. ಇದರಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ನುಗಳಿಲ್ಲ. ಮುಕ್ಕೋನದ ರೋಟರೊಂದು ಕೋಶದೊಳಗೆ ಸುತ್ತುತ್ತಿರುತ್ತದೆ. ಭಾಗಗಳು ಕಡಮೆ, ತೂಕ ಕಡಮೆ, ಅದುರುವಿಕೆಯೂ ಕಡಮೆ. ಆದರೆ ಪೆಟ್ರೋಲಿನ ಖರ್ಚು ಸ್ವಲ್ಪ ಹೆಚ್ಚು.

ಈ ಎಂಜಿನು ನಮ್ಮ ನಾಡಿಗೂ ಹೊಸದಲ್ಲ. 2009ರ ಏಪ್ರಿಲ್ 5ರಂದು ಕೋಲಾರದ ವಿಮಾನ ನೆಲೆಯಿಂದ ‘ನಿಶಾಂತ್’ ಎಂಬ ಚಾಲಕರಹಿತ ವಿಮಾನವು ಸ್ವದೇಶಿ ವಾಂಕೆಲ್ ಎಂಜಿನಿನ ಬಲದಿಂದ ಮೇಲೇರಿತು. 380 ಕಿಲೋಗ್ರಾಂ ತೂಕದ ವಿಮಾನವನ್ನು ಹೊತ್ತೊಯ್ದ ಎಂಜಿನಿನ ತೂಕ ಸುಮಾರು 30 ಕಿಲೋಗ್ರಾಂ ಮಾತ್ರ! ಅದರ ಮುಖ್ಯ ಭಾಗವನ್ನು ರೂಪಿಸಿದವರು ಎನ್.ಎ.ಎಲ್. ವಿಜ್ಞಾನಿಗಳು; ಇಂಧನ ಮತ್ತು ಕಿಡಿಯ ವ್ಯವಸ್ಥೆಗಳು ವಿ.ಆರ್.ಡಿ.ಇ. ಸಂಸ್ಥೆಯವು.

ಒತ್ತಡವಲ್ಲ, ಒತ್ತಡದ ಅಂತರ

ನಿಯಂತ್ರಕದೊಳಗೆ ಒಂದು ರಬ್ಬರಿನ ಪೊರೆ ಇದೆ. ಅದರ ಒಂದು ಮಗ್ಗುಲಿಗೆ ಪೆಟ್ರೋಲು, ಇನ್ನೊಂದು ಮಗ್ಗುಲಿಗೆ ಸ್ಪ್ರಿಂಗು. ಪೆಟ್ರೋಲಿನ ಒತ್ತಡವು ಸ್ಪ್ರಿಂಗಿನ ಬಲವನ್ನು ಮೀರಿದಾಗ ಪೊರೆ ಸರಿದು, ಹಿಂದಿರುಗುವ ದಾರಿ ತೆರೆಯುತ್ತದೆ. ಹೆಚ್ಚಾದ ಪೆಟ್ರೋಲು ಟ್ಯಾಂಕಿಗೆ ಮರಳುತ್ತದೆ.

ಹಾಗಾದರೆ 3 ಬಾರ್ ಒತ್ತಡದ ನಿಯಂತ್ರಕವನ್ನು ಕೊಂಡುತಂದು ಜೋಡಿಸಿದರೆ ಸಾಲದೆ? ಸಾಲದು. ಇಂಜೆಕ್ಟರಿನ ಹಿಂದೆ ಪೆಟ್ರೋಲಿನ ಒತ್ತಡವಿದೆ, ಮುಂದೆ ಎಂಜಿನಿಗೆ ಗಾಳಿ ಹೋಗುವ ಕೊಳವೆಯ ಒತ್ತಡವಿದೆ. ಎಷ್ಟು ಪೆಟ್ರೋಲು ಚಿಮ್ಮುವುದೆಂಬುದನ್ನು ನಿರ್ಧರಿಸುವುದು ಇವೆರಡರ ಅಂತರ. ಆ ಪ್ರಮಾಣವು ಅಂತರದ ವರ್ಗಮೂಲವನ್ನು ಅನುಸರಿಸುತ್ತದೆ.

ಒಂದು ಲೆಕ್ಕ ಮಾಡೋಣ. ತುಮಕೂರು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು 0.92 ಬಾರ್. ನಿಯಂತ್ರಕವು ಪೆಟ್ರೋಲನ್ನು ಹೊರಗಿನ ಗಾಳಿಗಿಂತ 3 ಬಾರ್ ಹೆಚ್ಚಿನ ಒತ್ತಡದಲ್ಲಿ, ಎಂದರೆ 3.92 ಬಾರಿನಲ್ಲಿ, ಹಿಡಿದಿದೆ ಎಂದಿಟ್ಟುಕೊಳ್ಳಿ. ಥ್ರಾಟಲನ್ನು ಅರೆ ಮುಚ್ಚಿದಾಗ ಗಾಳಿಯ ಕೊಳವೆಯಲ್ಲಿ 0.5 ಬಾರ್ ಮಾತ್ರ ಇದ್ದರೆ, ಅಂತರ 3.42 ಆಗಿ ಪೆಟ್ರೋಲು ನೂರಕ್ಕೆ 7ರಷ್ಟು ಹೆಚ್ಚು ಚಿಮ್ಮುತ್ತದೆ. ಟರ್ಬೊ ಯಂತ್ರವು ಗಾಳಿಯನ್ನು 1.4 ಬಾರಿಗೆ ಒತ್ತಿದರೆ, ಅಂತರ 2.52ಕ್ಕೆ ಇಳಿದು ಪೆಟ್ರೋಲು ನೂರಕ್ಕೆ 8ರಷ್ಟು ಕಡಮೆಯಾಗುತ್ತದೆ. ಹೆಚ್ಚು ಶಕ್ತಿ ಬೇಕಾದ ಹೊತ್ತಿನಲ್ಲಿಯೇ ಪೆಟ್ರೋಲಿನ ಕೊರತೆ! ಆಗ ಮಿಶ್ರಣವು ಒಂದೇ ಸಮನೆ ಉರಿಯದೆ ಸಿಡಿಯುವ ಅಪಾಯವಿದೆ. ಅಂಥ ಸಿಡಿತಕ್ಕೆ ರೋಟರಿನ ಮೂರು ತುದಿಗಳಲ್ಲಿರುವ ತೆಳ್ಳನೆಯ ಸೀಲುಗಳು ಮುರಿದುಹೋಗುವುದುಂಟು.

ಪರಿಹಾರ ಸರಳವಾಗಿದೆ. ಸ್ಪ್ರಿಂಗಿನ ಮಗ್ಗುಲಿಗೆ ಗಾಳಿಯ ಕೊಳವೆಯಿಂದ ಒಂದು ಸಣ್ಣ ನಾಳವನ್ನು ಜೋಡಿಸಿದರೆ, ಅಲ್ಲಿಯ ಒತ್ತಡ ಏರಿದಂತೆ ಪೆಟ್ರೋಲಿನದೂ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಅಂತರ ಮಾತ್ರ ಬದಲಾಗದು. ಎನ್.ಎ.ಎಲ್.ನ ‘ಹಂಸ–3’ ತರಬೇತಿ ವಿಮಾನಕ್ಕೆ ಅಳವಡಿಸಿದ ರೋಟಾಕ್ಸ್ 914 ಎಂಜಿನಿನಲ್ಲಿಯೂ ತತ್ತ್ವ ಇದೇ. ಅದು ಪಿಸ್ಟನ್ನಿನ, ಕಾರ್ಬುರೇಟರಿನ ಎಂಜಿನು. ಆದರೆ ಟರ್ಬೊ ಇರುವುದರಿಂದ ಅದರ ನಿಯಂತ್ರಕವು ಪೆಟ್ರೋಲಿನ ಒತ್ತಡವನ್ನು ಗಾಳಿಪೆಟ್ಟಿಗೆಯ ಒತ್ತಡಕ್ಕಿಂತ ಸುಮಾರು 0.25 ಬಾರ್ ಮೇಲೆ ಇರಿಸುತ್ತದೆ.

ಆರಿಸುವಾಗ ನೋಡಬೇಕಾದುವು

ಮೊದಲನೆಯದು, ಹರಿವಿನ ಸಾಮರ್ಥ್ಯ. 150 ಅಶ್ವಶಕ್ತಿಯ ರೋಟರಿ ಎಂಜಿನು ಪೂರ್ಣ ಶಕ್ತಿಯಲ್ಲಿ ಗಂಟೆಗೆ 50 ಲೀಟರ್ ಕುಡಿಯಿತೆನ್ನೋಣ. ಪಂಪು 150 ಲೀಟರ್ ಒತ್ತುವಂಥದಾದರೆ 100 ಲೀಟರ್ ಹಿಂದಿರುಗಬೇಕು. ಏರುವಾಗಲೂ ಇಳಿಯುವಾಗಲೂ ಸುರಕ್ಷತೆಗಾಗಿ ಎರಡು ಪಂಪುಗಳನ್ನು ಒಟ್ಟಿಗೆ ನಡೆಸುವ ಪದ್ಧತಿಯುಂಟು. ಇಳಿಯುವಾಗ ಎಂಜಿನಿಗೆ ಬೇಕಾದುದು ಕೆಲವೇ ಲೀಟರ್. ಉಳಿದ ಸುಮಾರು 300 ಲೀಟರೂ ನಿಯಂತ್ರಕದ ಮೂಲಕವೇ ಮರಳಬೇಕು. ದಾರಿ ಕಿರಿದಾಗಿದ್ದರೆ ಒತ್ತಡವೇರಿ, ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಗಿ, ಎಂಜಿನು ಮುಗ್ಗರಿಸುತ್ತದೆ. ಆದುದರಿಂದ ನಿಯಂತ್ರಕವನ್ನು ಎಂಜಿನಿನ ಅಳತೆಗಲ್ಲ, ಪಂಪುಗಳ ಅಳತೆಗೆ ಆರಿಸಬೇಕು.

ಎರಡನೆಯದು, ಮರಳುವ ದಾರಿ. ಪೆಟ್ರೋಲು ಯಾವ ಟ್ಯಾಂಕಿನಿಂದ ಬಂದಿತೋ ಅದಕ್ಕೇ ಮರಳಬೇಕು. ತುಂಬಿದ ಬೇರೊಂದು ಟ್ಯಾಂಕಿಗೆ ಹೋದರೆ ಉಕ್ಕಿ ಹೊರಚೆಲ್ಲುತ್ತದೆ. ಈ ಸುತ್ತಾಟದಿಂದ ಒಂದು ಲಾಭವೂ ಉಂಟು. ಎತ್ತರದಲ್ಲಿ ಗಾಳಿಯ ಒತ್ತಡ ಕಡಮೆಯಾದುದರಿಂದ ಪೆಟ್ರೋಲು ಬೇಗ ಆವಿಯಾಗುತ್ತದೆ. ಸದಾ ಹರಿಯುವ ಪೆಟ್ರೋಲು ಬಿಸಿ ಎಂಜಿನಿನ ಬಳಿ ನಿಂತು ಕಾಯುವುದಿಲ್ಲ. ಹುಟ್ಟಿದ ಗುಳ್ಳೆಗಳನ್ನೂ ಟ್ಯಾಂಕಿಗೆ ಕೊಂಡೊಯ್ಯುತ್ತದೆ.

ಮೂರನೆಯದು, ಪೊರೆಯ ವಸ್ತು. 2023ರ ಫೆಬ್ರವರಿ 6ನ್ನು ತುಮಕೂರಿನವರು ಮರೆತಿರಲಾರರು. ಗುಬ್ಬಿ ತಾಲ್ಲೂಕಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ದಿನವದು. ಅದೇ ದಿನ ಬೆಂಗಳೂರಿನಲ್ಲಿ, ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೂ ಚಾಲನೆ ದೊರೆಯಿತು. ಎಥನಾಲು ಕೆಲವು ಬಗೆಯ ರಬ್ಬರನ್ನು ಊದಿಸಿ ಕೆಡಿಸುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ಪೊರೆ ಹರಿದರೆ ಪೆಟ್ರೋಲು ಸಣ್ಣ ನಾಳದ ಮೂಲಕ ನೇರವಾಗಿ ಗಾಳಿಯ ಕೊಳವೆಗೆ ನುಗ್ಗುತ್ತದೆ. ಆದುದರಿಂದ ರಸ್ತೆಬದಿಯ ಬಂಕಿನ ಪೆಟ್ರೋಲನ್ನು ಬಳಸುವವರು ಎಥನಾಲನ್ನು ತಡೆಯುವ ಫ್ಲೋರಿನ್‌ಯುಕ್ತ ರಬ್ಬರಿನ ಪೊರೆಯನ್ನೇ ಕೇಳಿ ಕೊಳ್ಳಬೇಕು.

ಕಡೆಗೆ, ನಿಯಂತ್ರಕದ ಮೇಲಿನ ಬರಹವನ್ನು ನಂಬಿ ಹಾರಬಾರದು. ವಿಮಾನವು ನೆಲದ ಮೇಲಿರುವಾಗಲೇ ಒಂದು ಪಂಪನ್ನು, ಅನಂತರ ಎರಡನ್ನೂ ನಡೆಸಿ, ಥ್ರಾಟಲನ್ನು ತೆರೆದೂ ಮುಚ್ಚಿಯೂ ಎರಡು ಒತ್ತಡಗಳನ್ನು ಅಳೆದು ಕಳೆಯಬೇಕು. ಪ್ರತಿಸಲವೂ ಬರುವ ಉತ್ತರ ಒಂದೇ ಆಗಿದ್ದರೆ ಆಯ್ಕೆ ಸರಿಯಾಗಿದೆ. ಇಲ್ಲವಾದರೆ ವಿಮಾನವು ಷೆಡ್ಡಿನಲ್ಲಿಯೇ ಇರುವುದು ಕ್ಷೇಮ.