ಚಕ್ಕಿಯನ್ನು ಆಡಿಸಿದವರು

ಗೊಂಬೆ ತಂದ ಖಾಲಿ ಪೆಟ್ಟಿಗೆಯನ್ನು ತಾಯಿ ಕೈಗೆತ್ತಿಕೊಳ್ಳುತ್ತಾಳೆ. ಒಳಗಿದ್ದ ಬ್ಯಾಟರಿಗಳು ಜಾರಿ ನೆಲಕ್ಕೆ ಬೀಳುತ್ತವೆ. ಹಾಗಾದರೆ ಇಷ್ಟು ದಿನ ಈ ಗೊಂಬೆ ಮಗನ ಹತ್ತಿರ ಮಾತಾಡಿದ್ದು ಯಾವುದರ ಬಲದಿಂದ? ಅವಳು ಗೊಂಬೆಯನ್ನು ಬೋರಲು ಹಾಕಿ ಬೆನ್ನಿನ ಮುಚ್ಚಳ ತೆಗೆದು ನೋಡುತ್ತಾಳೆ. ಏನೂ ಇಲ್ಲ. ಅಷ್ಟರಲ್ಲಿ ಅದರ ತಲೆ ಗರ್ರನೆ ಹಿಂದಕ್ಕೆ ತಿರುಗಿ, ಕಂಪನಿಯವರು ತುಂಬಿಕೊಟ್ಟ ಅದೇ ನಯವಾದ ಮಾತನ್ನು ಹೇಳುತ್ತದೆ. ಕೈಜಾರಿದ ಗೊಂಬೆ ಸೋಫಾದ ಅಡಿ ಸೇರುತ್ತದೆ. ಎಳೆದು ತೆಗೆದು, ಬೆಂಕಿಗೂಡಿನ ಮುಂದೆ ಹಿಡಿದು, ಮಾತಾಡದಿದ್ದರೆ ಸುಟ್ಟುಬಿಡುತ್ತೇನೆ ಎಂದು ಅವಳು ಗದರಿಸುತ್ತಾಳೆ. ಆಗ, ಆ ಕ್ಷಣಕ್ಕೆ, ಪ್ಲಾಸ್ಟಿಕ್ ಕೆನ್ನೆಗಳು ಬಿಗಿದುಕೊಂಡು, ಹುಬ್ಬು ಗಂಟಿಕ್ಕಿ, ಒಬ್ಬ ದೊಡ್ಡ ಗಂಡಸಿನ ಸಿಟ್ಟು ಆ ಪುಟ್ಟ ಮುಖದಲ್ಲಿ ಎದ್ದು ನಿಲ್ಲುತ್ತದೆ.

ಇದು 1988ರ ‘ಚೈಲ್ಡ್ಸ್ ಪ್ಲೇ’. ಕಥೆ ಡಾನ್ ಮ್ಯಾನ್ಸಿನಿಯದು, ನಿರ್ದೇಶನ ಟಾಮ್ ಹಾಲೆಂಡ್. ಕಥೆಯ ಬೀಜ ನಮಗೆ ಚೆನ್ನಾಗಿ ಗೊತ್ತಿರುವ ಪರಕಾಯ ಪ್ರವೇಶವೇ. ಶಿಕಾಗೊ ನಗರದಲ್ಲಿ ಪೊಲೀಸರ ಗುಂಡು ತಿಂದ ಚಾರ್ಲ್ಸ್ ಲೀ ರೇ ಎಂಬ ಕೊಲೆಗಾರ ಆಟಿಕೆ ಅಂಗಡಿಯೊಂದಕ್ಕೆ ನುಗ್ಗುತ್ತಾನೆ. ಸಾಯುವ ಮೊದಲು ಮಂತ್ರ ಹೇಳಿ ತನ್ನ ಜೀವವನ್ನು ಒಂದು ಗೊಂಬೆಗೆ ಇಳಿಸುತ್ತಾನೆ, ಆ ಗೊಂಬೆಯೇ ಚಕ್ಕಿ. ಆ ಗೊಂಬೆ ಆ್ಯಂಡಿ ಎಂಬ ಆರು ವರ್ಷದ ಹುಡುಗನ ಹುಟ್ಟುಹಬ್ಬದ ಉಡುಗೊರೆಯಾಗಿ ಮನೆಗೆ ಬರುತ್ತದೆ. 2017ರವರೆಗೆ ಈ ಸರಣಿಯಲ್ಲಿ ಒಟ್ಟು ಏಳು ಸಿನಿಮಾ ಬಂದವು. 2021ರಿಂದ 2024ರವರೆಗೆ ಮೂರು ಸೀಸನ್‌ಗಳ ಟಿವಿ ಸರಣಿಯೂ ಬಂತು. ನಮ್ಮ ದೇಶದಲ್ಲೂ ಇದರ ನೆರಳಿನಲ್ಲಿ 1991ರಲ್ಲಿ ತಮಿಳಿನ ‘ವಾ ಅರುಗಿಲ್ ವಾ’, 1996ರಲ್ಲಿ ಹಿಂದಿಯ ‘ಪಾಪಿ ಗುಡಿಯಾ’ ತಯಾರಾದವು.

ಬೆಂಗಳೂರಿನಲ್ಲಿ ಇಂಗ್ಲಿಷ್ ಸಿನಿಮಾ ಎಂದರೆ ಕಂಟೋನ್ಮೆಂಟ್ ಎನ್ನುವ ಕಾಲವಿತ್ತು. ಪ್ಲಾಜಾ ಇದ್ದ ಜಾಗದಲ್ಲೀಗ ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣವಿದೆ. ಹಲಸೂರಿನ ಕಡೆಯ ಲಿಡೊ ಮಾಲ್ ಆಯಿತು, ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ಹೆದರಿಸುವ ಚಿತ್ರಗಳಿಗೆ ಈ ಭಾಗದಲ್ಲಿ ಯಾವತ್ತೂ ಜನ ಇದ್ದರು. ಆದರೆ ಗೊಂಬೆಯ ಭಯಕ್ಕೆ ಇಲ್ಲಿ ಇನ್ನೊಂದು ಬೇರು ಇದೆ ಎಂದು ನನಗನ್ನಿಸುತ್ತದೆ. ನವರಾತ್ರಿಯಲ್ಲಿ ಹಲಸೂರಿನ ಹಳೆಯ ಮನೆಗಳಿಗೆ ಹೋದರೆ, ಕನ್ನಡದವರಿರಲಿ ತಮಿಳಿನವರಿರಲಿ, ನಡುಮನೆಯಲ್ಲಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸಿರುತ್ತಾರೆ. ಪಟ್ಟದ ಗೊಂಬೆಗೆ ಆರತಿ, ನೈವೇದ್ಯ, ಹಾಡು ಎಲ್ಲ ಉಂಟು. ಹಬ್ಬ ಮುಗಿದ ರಾತ್ರಿ ಒಂದು ಗೊಂಬೆಯನ್ನಾದರೂ ಮಲಗಿಸುವುದು ಪದ್ಧತಿ. ಗೊಂಬೆಗೆ ನಿದ್ದೆ ಉಂಟು ಎಂದು ಒಪ್ಪಿಕೊಂಡ ಮನೆಯ ಮಗುವಿಗೆ, ಅದು ತಾನಾಗಿ ಎದ್ದರೆ ಗತಿಯೇನು ಎಂಬ ಪ್ರಶ್ನೆ ಯಾರೂ ಕಲಿಸದೆಯೇ ಬರುತ್ತದೆ.

ಇನ್ನು ಆ ಮುಖದ ವಿಷಯ. ಅದನ್ನು ಕಟ್ಟಿದವರು ಕೆವಿನ್ ಯೇಗರ್. ‘ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಸರಣಿಯಲ್ಲಿ ಫ್ರೆಡ್ಡಿ ಕ್ರೂಗರನ ಸುಟ್ಟ ಮುಖಕ್ಕೆ ದುಡಿದಿದ್ದ ಕಲಾವಿದ. ನಿರ್ಮಾಪಕ ಡೇವಿಡ್ ಕಿರ್ಷ್‌ನರ್ ಬರೆದ ಚಿತ್ರವನ್ನಿಟ್ಟುಕೊಂಡು ಕೆಲಸ ಶುರುವಾಯಿತು. ರಬ್ಬರಿನ ಚರ್ಮದ ಒಳಗೆ ಗಟ್ಟಿಯಾದ ಒಂದು ಬುರುಡೆ, ಬುರುಡೆಯ ತುಂಬ ಪುಟ್ಟ ಮೋಟರುಗಳು. ಹುಬ್ಬಿಗೆ, ರೆಪ್ಪೆಗೆ, ಕೆನ್ನೆಗೆ, ತುಟಿಗೆ, ದವಡೆಗೆ ಬೇರೆ ಬೇರೆ. ಮುಖಕ್ಕೆ ರೇಡಿಯೊ ರಿಮೋಟ್, ಕೈಕಾಲಿಗೆ ಕೇಬಲ್ ಮತ್ತು ಕಡ್ಡಿ. ಈ ಕೇಬಲ್ ಸೈಕಲ್ಲಿನ ಬ್ರೇಕ್ ವೈರಿನ ಜಾತಿಯದ್ದೇ. ಹೊರಗೊಂದು ಗಟ್ಟಿ ಕವಚ, ಒಳಗೆ ಜಾರುವ ತಂತಿ. ಈ ತುದಿಯಲ್ಲಿ ಲಿವರ್ ಒತ್ತಿದರೆ ಆ ತುದಿಯಲ್ಲಿ ಬೆರಳು ಮಡಚುತ್ತದೆ. ಶಿವಾಜಿನಗರದ ಗುಜರಿ ಅಂಗಡಿಗಳ ಮುಂದೆ ರಾಶಿ ಬಿದ್ದಿರುವ ಬ್ರೇಕ್ ವೈರು, ವೈಪರ್ ಮೋಟರುಗಳನ್ನು ನೋಡುವಾಗೆಲ್ಲ, ಕಸುಬು ಬಲ್ಲವನೊಬ್ಬ ಸಿಕ್ಕರೆ ಇಲ್ಲೇ ಒಂದು ಕೈ, ಒಂದು ಕತ್ತು ಎದ್ದು ಆಡೀತಲ್ಲ ಎಂದು ಅನ್ನಿಸುತ್ತದೆ.

ಕಷ್ಟ ಇರುವುದು ಮೋಟರಿನಲ್ಲಲ್ಲ, ಅವುಗಳ ಹೊಂದಾಣಿಕೆಯಲ್ಲಿ. ಒಂದು ನಗುವನ್ನೇ ತೆಗೆದುಕೊಳ್ಳಿ. ತುಟಿಯ ಎರಡು ತುದಿ ಎಳೆದರೆ ಹಲ್ಲು ಕಾಣುತ್ತದೆ, ನಗು ಕಾಣುವುದಿಲ್ಲ. ಕೆನ್ನೆ ಮೇಲೇರಬೇಕು, ಕೆಳರೆಪ್ಪೆ ಕಿರಿದಾಗಬೇಕು, ತಲೆ ಒಂದಿಷ್ಟು ವಾಲಬೇಕು. ಇವೆಲ್ಲ ಒಟ್ಟಿಗೇ ಆದರೂ ಸುಳ್ಳು ಎನಿಸುತ್ತದೆ. ಕಣ್ಣು ಮೊದಲು, ತುಟಿ ಚೂರು ತಡವಾಗಿ ಬಂದಾಗ ನೋಡುವವರು ನಂಬುತ್ತಾರೆ. ಹುಬ್ಬು ಒಬ್ಬರ ಕೈಯಲ್ಲಿ, ಕಣ್ಣು ಇನ್ನೊಬ್ಬರ ಕೈಯಲ್ಲಿ, ತೋಳು ಮತ್ತೊಬ್ಬರ ಕೈಯಲ್ಲಿ ಇರುವಾಗ ಆ ಚೂರು ತಡವನ್ನು ಹೊಂದಿಸಿಕೊಳ್ಳುವುದು ತಾಲೀಮಿನಿಂದ ಮಾತ್ರ ಸಾಧ್ಯ. ಸೆಟ್ಟಿನ ನೆಲವನ್ನು ಎತ್ತರಿಸಿ ಕಟ್ಟಿ, ಅದರ ಅಡಿಯಲ್ಲಿ ಮೈ ಮುದುಡಿಕೊಂಡು ಕೂತು, ಮಾನಿಟರ್ ನೋಡಿಕೊಂಡು ಇವರು ಗೊಂಬೆ ಆಡಿಸಿದರು. ತುಟಿಯ ಹೊಣೆ ಬ್ರಾಕ್ ವಿಂಕ್ಲೆಸ್ ಎಂಬ ಆಟಗಾರನದು. ಅವರು ತಲೆಗೆ ಒಂದು ಸಾಧನ ಕಟ್ಟಿಕೊಳ್ಳುತ್ತಿದ್ದರು, ಅವರ ಬಾಯಿ ಹೇಗೆ ಆಡಿತೋ ಚಕ್ಕಿಯ ಬಾಯಿ ಹಾಗೆ ಆಡುತ್ತಿತ್ತು.

ಇದನ್ನು ತಿಳಿದಾಗ ನನಗೆ ನೆನಪಾದದ್ದು ನಮ್ಮ ಸೂತ್ರ-ಸಲಾಕೆ ಗೊಂಬೆ. ಎಂ. ಆರ್. ರಂಗನಾಥ ರಾವ್ ಅವರಂಥವರು ಬೆಂಗಳೂರು ಸೀಮೆಯಲ್ಲಿ ಉಳಿಸಿಕೊಂಡು ಬಂದ ಆಟ ಇದು. ಭಾರದ ಮರದ ಗೊಂಬೆಯ ದಾರಗಳನ್ನು ಆಡಿಸುವವರು ತಮ್ಮ ತಲೆಯ ಮೇಲಿನ ಸಿಂಬಿಗೆ ಕಟ್ಟಿಕೊಳ್ಳುತ್ತಾರೆ, ಎರಡೂ ಕೈಯಲ್ಲಿ ಸಲಾಕೆ ಹಿಡಿದು ಗೊಂಬೆಯ ಕೈ ಆಡಿಸುತ್ತಾರೆ. ಆಟಗಾರರು ತಲೆ ಬಾಗಿದರೆ ಗೊಂಬೆ ಬಾಗುತ್ತದೆ, ಅವರು ಕುಣಿದರೆ ಗೊಂಬೆ ಕುಣಿಯುತ್ತದೆ. ಕ್ಯಾಲಿಫೋರ್ನಿಯಾದ ಕುಶಲಿಗಳು ಇದನ್ನು ನೋಡಿ ಕಲಿತರು ಎಂದು ನಾನು ಹೇಳುತ್ತಿಲ್ಲ. ತನ್ನ ಮೈಯನ್ನೇ ಗೊಂಬೆಗೆ ಕೊಡಬೇಕು ಎಂಬ ತೀರ್ಮಾನಕ್ಕೆ ಎರಡೂ ಕಡೆಯವರು ಅವರವರ ದಾರಿಯಲ್ಲಿ ಬಂದು ಮುಟ್ಟಿದ್ದಾರೆ, ಅದು ನನ್ನನ್ನು ಬೆರಗಾಗಿಸುತ್ತದೆ.

ದನಿಯ ವಿಷಯದಲ್ಲೂ ಹೀಗೆಯೇ. ಚಕ್ಕಿಯ ಮಾತನ್ನು ನಟ ಬ್ರ್ಯಾಡ್ ಡೂರಿಫ್ ಮೊದಲೇ ಹೇಳಿ ಧ್ವನಿಮುದ್ರಣ ಮಾಡಿಕೊಟ್ಟರು. ಸೆಟ್ಟಿನಲ್ಲಿ ಅದನ್ನು ಹಾಕಿ, ಆ ಲಯಕ್ಕೆ ಗೊಂಬೆ ಆಡಿಸಿದರು. ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟದಲ್ಲೂ ಭಾಗವತರ ಪದ್ಯ ಮುಂದೆ ಹೋಗುತ್ತದೆ, ದಾರ ಹಿಡಿದ ಕೈ ಅದರ ಹಿಂದೆ ಬರುತ್ತದೆ. ಡೂರಿಫ್ ಅವರ ದನಿಯಲ್ಲಿ ರೇಗುವಿಕೆ, ಕುಚೋದ್ಯ, ಸುಸ್ತು ಎಲ್ಲ ಇವೆ. ಒಂದು ಉಸಿರಿನ ಎಳೆತವೂ ಗೊಂಬೆಯ ಎದೆಗೆ, ಭುಜಕ್ಕೆ ಇಳಿಯಬೇಕು. ಮೊದಲ ಚಿತ್ರದಲ್ಲಿ ಅದು ಇಳಿದಿದೆ.

ಬಹಳ ಜನ ಗಮನಿಸದ ಇನ್ನೊಂದು ಕುಸುರಿ ಇದೆ. ಕಥೆಯಲ್ಲಿ ಕೊಲೆಗಾರ ಗೊಂಬೆಯೊಳಗೆ ಹೆಚ್ಚು ಹೊತ್ತು ಉಳಿದಷ್ಟೂ ಗೊಂಬೆ ಮನುಷ್ಯನಾಗುತ್ತ ಹೋಗುತ್ತದೆ. ಅದಕ್ಕಾಗಿ ಯೇಗರ್ ಒಂದೇ ಮುಖ ಮಾಡಿ ಬಿಡಲಿಲ್ಲ. ಚಿತ್ರ ಮುಂದುವರಿದಂತೆ ಹಣೆಯ ಮೇಲಿನ ಕೂದಲು ಹಿಂದೆ ಸರಿಯುತ್ತದೆ, ಮುಖದ ಗೆರೆಗಳು ಗಡುಸಾಗುತ್ತವೆ, ನೋಡನೋಡುತ್ತ ಡೂರಿಫ್ ಅವರ ಛಾಯೆ ಬರುತ್ತದೆ. ಯಾವ ದೃಶ್ಯದಲ್ಲಿ ಬದಲಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಮೊದಲ ಸಲ ನೋಡುವವರ ಮನಸ್ಸು ಕಾರಣ ತಿಳಿಯದೆಯೇ ಕಸಿವಿಸಿಗೊಳ್ಳುತ್ತದೆ.

ಓಡುವ, ಬೀಳುವ ದೃಶ್ಯಗಳಿಗೆ ಯಂತ್ರ ಸಾಲದು. ಅಲ್ಲಿ ಎಡ್ ಗೇಲ್ ಎಂಬ ಗಿಡ್ಡ ದೇಹದ ನಟ ಗೊಂಬೆಯ ವೇಷ ತೊಟ್ಟರು. ಅವರ ಎತ್ತರ ಮೂರಡಿ ನಾಲ್ಕಿಂಚು, ಆದರೂ ಗೊಂಬೆಗಿಂತ ದೊಡ್ಡವರೇ. ಹಾಗಾಗಿ ಅವರಿಗಾಗಿ ಮನೆಯ ಸೆಟ್ಟನ್ನು ಇನ್ನಷ್ಟು ದೊಡ್ಡದಾಗಿ ಕಟ್ಟಿ, ಕುರ್ಚಿ ಮೇಜುಗಳನ್ನೂ ಆ ಅಳತೆಗೆ ಹಿಗ್ಗಿಸಿದರು. ಹೀಗೆ ಯಂತ್ರ, ಮನುಷ್ಯ, ನೆಲಮಟ್ಟದಲ್ಲಿ ಓಡುವ ಕ್ಯಾಮೆರಾ, ಈ ಮೂರನ್ನೂ ಸಂಕಲನದಲ್ಲಿ ಹೆಣೆದಾಗ ಒಂದು ಚಕ್ಕಿ ಆಗುತ್ತಾನೆ. ಈಚಿನ ‘ಮೇಗನ್’ ಚಿತ್ರದಲ್ಲೂ ಇದೇ ಉಪಾಯ ನಡೆಯಿತು. ಯಂತ್ರದ ಗೊಂಬೆಯ ಜೊತೆಗೆ ಏಮಿ ಡೊನಾಲ್ಡ್ ಎಂಬ ಹುಡುಗಿ ಮುಖವಾಡ ಹಾಕಿ ಕುಣಿದಳು. ‘ಅನಾಬೆಲ್’ ತುಳಿದದ್ದು ಬೇರೆಯೇ ದಾರಿ, ಅಲ್ಲಿ ಗೊಂಬೆ ಸುಮ್ಮನೆ ಕೂರುತ್ತದೆ, ಅದರ ಸುತ್ತಲಿನ ಮನೆ ಅಲ್ಲಾಡುತ್ತದೆ.

ಸರಣಿಯ ಎಲ್ಲ ಚಿತ್ರಗಳೂ ಒಂದೇ ತೂಕದವಲ್ಲ. ಎರಡನೆಯದು (1990) ಗಟ್ಟಿ. 1991ರ ಮೂರನೆಯದು ಅವಸರದ ಕೂಸು. 1998ರ ‘ಬ್ರೈಡ್ ಆಫ್ ಚಕ್ಕಿ’ಯಲ್ಲಿ ರಾನಿ ಯು ಎಂಬ ಹಾಂಗ್‌ಕಾಂಗಿನ ನಿರ್ದೇಶಕ ಅವನಿಗೆ ಜೋಡಿಯಾಗಿ ಟಿಫನಿಯನ್ನು ತಂದರು, ಅವಳ ದನಿ ಜೆನಿಫರ್ ಟಿಲಿಯದು. 2004ರ ‘ಸೀಡ್ ಆಫ್ ಚಕ್ಕಿ’ಯಿಂದ ಮ್ಯಾನ್ಸಿನಿಯೇ ನಿರ್ದೇಶನಕ್ಕೆ ಇಳಿದರು, ಗೊಂಬೆಯ ಹೊಣೆ ಟೋನಿ ಗಾರ್ಡ್ನರ್ ಅವರ ಕೈಗೆ ಬಂತು. ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಏನನ್ನು ಬೇಕಾದರೂ ಹುಟ್ಟಿಸಬಹುದಾಗಿತ್ತು. ಇವರು ಗೊಂಬೆಯನ್ನು ಕೈಬಿಡಲಿಲ್ಲ. ಆಡಿಸುವವರನ್ನೂ ಕಡ್ಡಿಗಳನ್ನೂ ಚಿತ್ರದಿಂದ ಅಳಿಸಿಹಾಕಲು ಕಂಪ್ಯೂಟರನ್ನು ಬಳಸಿಕೊಂಡರು. ಎದುರಿನ ನಟನಿಗೆ ದಿಟ್ಟಿಸಲು ಒಂದು ಮುಖ ನಿಜವಾಗಿ ಅಲ್ಲಿರುತ್ತದೆ, ದೀಪದ ಬೆಳಕು ಅದರ ಕೆನ್ನೆಯ ಮೇಲೆ ನಿಜವಾಗಿ ಬೀಳುತ್ತದೆ. ಸರಣಿಯ ಬಗ್ಗೆ ನನಗಿರುವ ಗೌರವಕ್ಕೆ ಈ ಹಟವೇ ಮುಖ್ಯ ಕಾರಣ. ಮ್ಯಾನ್ಸಿನಿಯ ಕೈಯಿಲ್ಲದೆ 2019ರಲ್ಲಿ ಬಂದ ಹೊಸ ‘ಚೈಲ್ಡ್ಸ್ ಪ್ಲೇ’ಯಲ್ಲಿ ಗೊಂಬೆಯ ಒಳಗಿದ್ದದ್ದು ಕೆಟ್ಟುಹೋದ ತಂತ್ರಾಂಶ. ಮಾರ್ಕ್ ಹ್ಯಾಮಿಲ್ ಚೆನ್ನಾಗಿಯೇ ದನಿ ಕೊಟ್ಟರು. ಆದರೆ ಒಳಗೆ ಸಿಕ್ಕಿಬಿದ್ದ ಮನುಷ್ಯನೊಬ್ಬನ ಒದ್ದಾಟ ಅದರಲ್ಲಿಲ್ಲ.

ಗೊಂಬೆಯಾಟ ಮನೆತನದಲ್ಲಿ ಇಳಿದು ಬರುವ ವಿದ್ಯೆ. ಉಪ್ಪಿನಕುದ್ರುವಿನಲ್ಲಿ ಕೊಗ್ಗ ದೇವಣ್ಣ ಕಾಮತರಿಂದ ಅದು ಮಗ ಭಾಸ್ಕರ ಕೊಗ್ಗ ಕಾಮತರಿಗೆ ಬಂತು. ಚಕ್ಕಿಯ ಮನೆಯಲ್ಲೂ ಅಂಥದೊಂದು ನಡೆದಿದೆ. ಡೂರಿಫ್ ಅವರ ಮಗಳು ಫಿಯೋನಾ 2013ರ ‘ಕರ್ಸ್ ಆಫ್ ಚಕ್ಕಿ’ಯಲ್ಲಿ ಗೊಂಬೆಯನ್ನು ಎದುರಿಸುವ ಹೆಣ್ಣಾಗಿ ಬಂದರು. 2021ರ ಟಿವಿ ಸರಣಿಯಲ್ಲಿ ಹಿಂದಿನ ಕಥೆ ತೋರಿಸುವಾಗ ಚಾರ್ಲ್ಸ್ ಲೀ ರೇಯ ಪ್ರಾಯದ ದಿನಗಳನ್ನು ಅವರೇ ಮೇಕಪ್ ಹಾಕಿ ಅಭಿನಯಿಸಿದರು. ಅಪ್ಪನ ಮೂಗು, ಅಪ್ಪನ ನೋಟ ಅವರಿಗೆ ಹುಟ್ಟಿನಿಂದ ಬಂದದ್ದೇ, ಆ ಪಾತ್ರದ ದನಿಯನ್ನು ಮಾತ್ರ ಅಪ್ಪನೇ ಕೊಟ್ಟರು.