ಮಾದಲಿಯ ರುಚಿಯೂ ಕಬ್ಬಿನ ಹದವೂ



ಕಳೆದ ಹಂಗಾಮಿನಲ್ಲಿ ಬಾಲಗಾಂವದ ಸದಸ್ಯರೊಬ್ಬರ ಮನೆಗೆ ಬೆಳಿಗ್ಗೆ ಹೋಗಿದ್ದೆ. ಅವರ ವೃದ್ಧ ತಾಯಿ ಬಟ್ಟಲಲ್ಲಿ ಮಾದಲಿ, ಹಾಲು, ತುಪ್ಪ ಹಾಕಿ ಕೊಟ್ಟು, "ಸಾಹೇಬ್ರ, ಈ ಸಲ ಮಾದಲಿ ಉಂಡಿ ಕಟ್ಟೇತಿ. ನನ್ನ ಕೈ ಕೆಟ್ಟತೇನ್ರಿ?" ಎಂದು ಕೇಳಿದರು. ವಿಚಾರಿಸಿದಾಗ, ಆ ಬೆಲ್ಲದ ಕಬ್ಬು ಗಾಣದ ಸರತಿ ಸಿಗದೆ ಐದು ದಿನ ಹೊಲದಲ್ಲಿಯೇ ಬಿದ್ದಿತ್ತೆಂದು ತಿಳಿಯಿತು. "ನಿಮ್ಮ ಕೈ ಕೆಟ್ಟಿಲ್ಲರಿ ಆಯಿ, ಬೆಲ್ಲ ಕೆಟ್ಟೇತಿ" ಎಂದೆ. ಇದರ ಕಾರಣವನ್ನು ಪ್ರತಿಯೊಬ್ಬ ಬೆಳೆಗಾರನೂ ತಿಳಿಯುವುದು ಅವಶ್ಯ.

ಪೇಟೆಯಲ್ಲಿ ಇಂದು ಸಿಹಿ ಲೇಪಿಸಿದ ಕಾರ್ನ್ ಫ್ಲೇಕ್ಸ್ ಡಬ್ಬಿಗಳು ಸಿಗುತ್ತವೆ. ಧಾನ್ಯ, ಸಿಹಿ, ಹಾಲು ಈ ಮೂರೂ ನಮ್ಮ ಮಾದಲಿಯಲ್ಲಿ ಮೊದಲಿನಿಂದಲೂ ಇವೆ. ತರಿಯಾಗಿ ಬೀಸಿದ ಗೋಧಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ದಪ್ಪಗೆ ಲಟ್ಟಿಸಿ ಬೇಯಿಸಿ, ಆರಿದ ಮೇಲೆ ಪುಡಿ ಮಾಡಿ, ಬೆಲ್ಲ, ಏಲಕ್ಕಿ, ಶುಂಠಿ, ಗಸಗಸೆ, ಪುಟಾಣಿ, ಒಣಕೊಬ್ಬರಿ ಬೆರೆಸುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿಯೂ ರೊಟ್ಟಿಯ ಜೊತೆಗೆ ಮಾದಲಿ ಬಡಿಸುತ್ತಾರೆ.

ಮಾದಲಿಯ ಗುಣವನ್ನು ಹೀಗೆ ಪರೀಕ್ಷಿಸಬೇಕು:

1. ಹಿಡಿಯಲ್ಲಿ ಒತ್ತಿ ಬಿಟ್ಟರೆ ಉದುರಬೇಕು, ಉಂಡೆಯಾಗಿ ಉಳಿಯಬಾರದು.

2. ಒಂದು ಚಿಟಿಕೆ ಒಣದಾಗಿ ತಿನ್ನಬೇಕು. ಮೊದಲು ತರಿ, ಆಮೇಲೆ ಸಿಹಿ ತಿಳಿಯಬೇಕು. ಕೊನೆಗೆ ಉಪ್ಪು ರುಚಿ ನಾಲಿಗೆಯಲ್ಲಿ ಉಳಿದರೆ ಬೆಲ್ಲವು ಸವಳು ಭೂಮಿಯ ಅಥವಾ ಸವಳು ನೀರಿನ ಕಬ್ಬಿನದಿರಬಹುದು. ಹುಳಿ ವಾಸನೆ ಬಂದರೆ ರಸ ಹಳಸಿದ್ದಿರಬಹುದು.

3. ಹಾಲು ಹಾಕಿ ಸ್ವಲ್ಪ ಹೊತ್ತು ಬಿಡಬೇಕು. ಮೆತ್ತಗಾದರೂ ತರಿ ಹಲ್ಲಿಗೆ ಸಿಗಬೇಕು, ಅಂಬಲಿಯಾಗಬಾರದು. ಕಾರ್ನ್ ಫ್ಲೇಕ್ಸ್‌ಗೂ ಇದೇ ಪರೀಕ್ಷೆ. ಅದರ ಮೇಲಿನ ಒಣ ಸಕ್ಕರೆಯ ಲೇಪವು ಹಾಲು ಬೇಗ ಒಳಗಿಳಿಯದಂತೆ ತಡೆಯುತ್ತದೆ.

ಉಂಡೆ ಕಟ್ಟಲು ಎರಡು ಕಾರಣಗಳುಂಟು: ರೊಟ್ಟಿ ಹಸಿಯಾಗಿ ಉಳಿದಿರಬಹುದು, ಇಲ್ಲವೆ ಬೆಲ್ಲ ನೀರೊಡೆಯುತ್ತಿರಬಹುದು. ಬೆಲ್ಲದ ಒಂದು ಚೂರನ್ನು ರಾತ್ರಿ ತಟ್ಟೆಯಲ್ಲಿ ತೆರೆದಿಟ್ಟು ಬೆಳಿಗ್ಗೆ ನೋಡಿರಿ. ಅದು ಜಿಗಟಾಗಿದ್ದರೆ ದೋಷ ಬೆಲ್ಲದ್ದು.

ಬೆಲ್ಲ ನೀರೊಡೆಯುವುದೇಕೆ? ಪಕ್ವವಾದ ಕಬ್ಬಿನ ಸಿಹಿಯಲ್ಲಿ ಬಹುಭಾಗ ಸುಕ್ರೋಸ್ ಇರುತ್ತದೆ. ಇದು ಹರಳುಗಟ್ಟುವ ಸಕ್ಕರೆ. ಕಬ್ಬನ್ನು ಕಡಿದು ಬಿಟ್ಟೊಡನೆ ಅದರಲ್ಲಿಯ ಕಿಣ್ವಗಳೂ ಸೂಕ್ಷ್ಮಜೀವಿಗಳೂ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯತೊಡಗುತ್ತವೆ. ಬಿಸಿಲು ಹೆಚ್ಚಿದಷ್ಟೂ ಈ ಕೆಲಸ ಬೇಗ ನಡೆಯುತ್ತದೆ. ಹೀಗೆ ಒಡೆದ ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎಳೆ ಕಬ್ಬಿನಲ್ಲಿ ಇದು ಮೊದಲೇ ಹೆಚ್ಚಾಗಿರುತ್ತದೆ.

ಮನೆಯಲ್ಲಿ ಮಾದಲಿ ಕೆಡಿಸುವ ಇದೇ ಸಕ್ಕರೆ ಕಾರಖಾನೆಯಲ್ಲಿ ಹರಳಾಗದೆ ಕಾಕಂಬಿಯ ಪಾಲಾಗುತ್ತದೆ. 2025-26ರ ಹಂಗಾಮಿಗೆ ಕೇಂದ್ರ ಸರಕಾರವು ಶೇಕಡಾ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ ದರ ಗೊತ್ತುಪಡಿಸಿದೆ. ಅದಕ್ಕಿಂತ ಮೇಲಿನ ಪ್ರತಿ 0.1ಕ್ಕೆ 3.46 ರೂಪಾಯಿ ಹೆಚ್ಚು. ಇಳುವರಿಯನ್ನು ಇಡೀ ಕಾರಖಾನೆಯ ಸರಾಸರಿಯಿಂದ ಲೆಕ್ಕ ಹಾಕುವುದರಿಂದ, ಒಬ್ಬರ ಒಣಗಿದ ಕಬ್ಬಿನ ನಷ್ಟ ಎಲ್ಲ ಸದಸ್ಯರ ಮೇಲೆ ಬೀಳುತ್ತದೆ.

ಆದುದರಿಂದ ಸದಸ್ಯರು ಮಾಡತಕ್ಕದ್ದು ಇಷ್ಟು: ಕಬ್ಬು ಪಕ್ವವಾಗುವ ಮೊದಲು ಕಡಿಯಬಾರದು. ಕೊನೆಯ ತಿಂಗಳುಗಳಲ್ಲಿ ಯೂರಿಯಾ ಹಾಕಬಾರದು. ಕಟಾವಿಗೆ ಮುಂಚೆ ಎರಡು ವಾರ ನೀರು ನಿಲ್ಲಿಸಬೇಕು. ನೆಲಮಟ್ಟಕ್ಕೆ ಕಡಿದು ವಾಡಿ ತೆಗೆದುಹಾಕಬೇಕು. ತುದಿಯಲ್ಲಿ ಸಕ್ಕರೆ ಕಡಿಮೆ. ಗಾಡಿ ನಿಶ್ಚಯವಾದ ಮೇಲೆಯೇ ಕೊಯ್ತಾ ಹಚ್ಚಿ, 24 ತಾಸಿನೊಳಗೆ ಕಬ್ಬು ಗಾಣಕ್ಕಾಗಲಿ ಕಾರಖಾನೆಗಾಗಲಿ ಮುಟ್ಟುವಂತೆ ನೋಡಿಕೊಳ್ಳಬೇಕು.

ಮುಂದಿನ ಹಬ್ಬಕ್ಕೆ ಮಾದಲಿ ಉದುರುದುರಾಗಿ ಬಂದರೆ, ಅದರ ಕೀರ್ತಿ ಮನೆಯ ತಾಯಂದಿರಿಗೂ ಹೊಲದ ಕಬ್ಬಿಗೂ ಸಮನಾಗಿ ಸಲ್ಲಲಿ.